ನೀರಿನ ಮೇಲೆ ಗೆರೆ ಎಳೆಯುವವರು ಯಾರು?

ಚಿಕ್ಕೋಡಿಗೂ ಕಡಲಿಗೂ ಏನು ಸಂಬಂಧ? ಈ ಲೇಖನದ ವಿಷಯ ಓದಿದ ಕೂಡಲೇ ನಿಮಗೆ ಹೀಗನ್ನಿಸಿದರೆ ಅದು ಸಹಜವೇ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಹುಟ್ಟಿ ಬೆಳೆದ ಎಷ್ಟೋ ಹೆಣ್ಣುಮಕ್ಕಳು ಕಡಲನ್ನು ಕಣ್ಣಾರೆ ಕಂಡಿಲ್ಲ. ಅವರ ಪಾಲಿಗೆ ಕಡಲೆಂದರೆ ಐಸಿನ ಪೆಟ್ಟಿಗೆಯಲ್ಲಿ ಸಂತೆಗೆ ಬರುವ ಬಾಂಗಡೆ ಮೀನು. ಇಲ್ಲವೇ ಹಿಂದಿನ ಕಾಲದಲ್ಲಿ ಮನೆಯ ಹಿರಿಯರು ಮುಂಬಯಿಗೆ ಹೋಗಿ ಹಡಗು ಹತ್ತಿ ಹಜ್ಜ್ ಯಾತ್ರೆ ಮಾಡಿ ಬಂದ ಕಥೆ.

ಆದರೆ ನೀರಿನ ಮೇಲೆ ಬೇರೆಯವರು ಗೆರೆ ಎಳೆದಾಗ ಏನಾಗುತ್ತದೆ ಎಂಬುದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲ ಬಂತೆಂದರೆ ಕಲ್ಲೋಳ-ಯಡೂರ ಸೇತುವೆ ಮುಳುಗುತ್ತದೆ, ಕುಡಚಿ-ಉಗಾರ ರಸ್ತೆ ಬಂದಾಗುತ್ತದೆ. ಮಹಾರಾಷ್ಟ್ರದ ಜಲಾಶಯಗಳಿಂದ ಎಷ್ಟು ಕ್ಯೂಸೆಕ್ ನೀರು ಬಿಟ್ಟರು ಎಂಬುದು ಪತ್ರಿಕೆಯಲ್ಲಿ ಅಚ್ಚಾಗುವ ಹೊತ್ತಿಗೆ ನೀರು ಅಂಗಳಕ್ಕೆ ಬಂದಿರುತ್ತದೆ. 2005, 2019 ಮತ್ತು 2021ರ ನೆರೆಯ ಗುರುತು ಎಷ್ಟೋ ಮನೆಗಳ ಗೋಡೆಯಲ್ಲಿ ಇಂದಿಗೂ ಇದೆ. ಬೇಸಿಗೆಯಲ್ಲಿ ಕಥೆ ತಿರುಗುಮುರುಗು. ಕೃಷ್ಣೆಯ ಪಾತ್ರ ಒಣಗುತ್ತದೆ, ಕೊಯ್ನಾದಿಂದ ನೀರು ಬಿಡಿ ಎಂದು ನಮ್ಮವರು ಪತ್ರ ಬರೆಯುತ್ತಾರೆ, ಹೆಣ್ಣುಮಕ್ಕಳು ಕೊಡ ಹಿಡಿದು ಟ್ಯಾಂಕರಿನ ದಾರಿ ಕಾಯುತ್ತಾರೆ. ತೀರ್ಮಾನ ಎಲ್ಲೋ ಆಗುತ್ತದೆ, ಅದರ ಫಲ ಉಣ್ಣುವವರು ಇಲ್ಲಿ ಇರುತ್ತಾರೆ.

ನಮ್ಮ ರಾಜ್ಯದ ಕರಾವಳಿಯ ಬೆಸ್ತ ಕುಟುಂಬಗಳ ಮುಂದೆ ಇರುವುದೂ ಇದೇ ಪ್ರಶ್ನೆ. ಅಲ್ಲಿ ಕಡಲಿನ ಒಂದು ಭಾಗವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಕಡಲು ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕಡಲನ್ನೇ ನಂಬಿ ಬದುಕುವವರಿಗೆ ಅದರ ಆಡಳಿತದಲ್ಲಿ ಸ್ಥಾನ ಉಂಟೇ? ಇದನ್ನು ತಿಳಿದುಕೊಂಡರೆ ನಿಮ್ಮ ಊರಿನ ನದಿ, ಕೆರೆ, ಹಳ್ಳದ ಬಗ್ಗೆ ನೀವು ಏನು ಕೇಳಬಹುದು ಎಂಬುದೂ ತಿಳಿಯುತ್ತದೆ.

ಕಡಲಿನಲ್ಲೊಂದು ಧಾಮ

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲೂಕಿನಲ್ಲಿ ಅಪ್ಸರಕೊಂಡ ಎಂಬ ಊರಿದೆ. ಗುಡ್ಡದಿಂದ ಇಳಿಯುವ ಸಣ್ಣ ಜಲಪಾತ, ಅದರ ಕೆಳಗೆ ಕಡಲು. ಈ ಅಪ್ಸರಕೊಂಡ ಮತ್ತು ಪಕ್ಕದ ಮುಗಳಿ ತೀರವನ್ನು ಸೇರಿಸಿ ರಾಜ್ಯ ಸರಕಾರ ಈಚಿನ ವರ್ಷಗಳಲ್ಲಿ ಕರ್ನಾಟಕದ ಮೊದಲ ಕಡಲ ವನ್ಯಜೀವಿ ಧಾಮವನ್ನು ರೂಪಿಸಿತು. ಇದರ ವಿಸ್ತಾರ ಸುಮಾರು 5,960 ಹೆಕ್ಟೇರ್. ಅದರಲ್ಲಿ ನೆಲ ಸ್ವಲ್ಪ, ಕಡಲೇ ಹೆಚ್ಚು. ತೀರದಿಂದ ಸುಮಾರು 6 ಕಿಲೋಮೀಟರ್ ಒಳಗಿನವರೆಗೆ ಇದರ ಗಡಿ ಹೋಗುತ್ತದೆ.

ಕಡಲಿಗೆ ಧಾಮ ಏಕೆ ಬೇಕು ಎಂದು ನೀವು ಕೇಳಬಹುದು. ದಡದ ಸಮೀಪದ ಆಳವಿಲ್ಲದ ನೀರು, ನದಿ ಕಡಲು ಸೇರುವ ಅಳಿವೆ, ಅಲ್ಲಿನ ಕಾಂಡ್ಲಾ ಗಿಡಗಳ ಬೇರು, ಇವೆಲ್ಲ ಮೀನಿನ ತೊಟ್ಟಿಲು. ಮೀನು ಮೊಟ್ಟೆಯಿಡುವುದು, ಮರಿ ದೊಡ್ಡದಾಗುವುದು ಇಲ್ಲಿಯೇ. ಹೊನ್ನಾವರದ ಮರಳಿನ ದಂಡೆಗೆ ಕಡಲಾಮೆಗಳು ಬಂದು ಮೊಟ್ಟೆಯಿಡುತ್ತವೆ. ಈ ತೊಟ್ಟಿಲನ್ನು ಕೆಡಿಸಿದರೆ ನಾಳೆ ಬಲೆಗೂ ಮೀನಿಲ್ಲ, ಸಂತೆಗೂ ಮೀನಿಲ್ಲ. ಆದುದರಿಂದ ರಕ್ಷಣೆಯ ಉದ್ದೇಶ ಒಳ್ಳೆಯದೇ.

ಆದರೆ ಕಡಲು ಖಾಲಿ ಜಾಗವಲ್ಲ. ಆ ತೀರದಲ್ಲಿ ಖಾರ್ವಿ, ಮೊಗೇರ, ಅಂಬಿಗ ಮುಂತಾದ ಸಮುದಾಯಗಳಿವೆ. ದಾಲ್ದಿ ಮತ್ತು ನಾಖುದಾ ಮುಸ್ಲಿಂ ಕುಟುಂಬಗಳಿವೆ. ಗಂಡಸರು ದೋಣಿಯಲ್ಲಿ ಹೋದರೆ ಮೀನು ವಿಂಗಡಿಸುವುದು, ಒಣಗಿಸುವುದು, ಬುಟ್ಟಿ ಹೊತ್ತು ಮಾರುವುದು ಬಹುಪಾಲು ಹೆಂಗಸರ ಕೆಲಸ. ದೊಡ್ಡ ಯಂತ್ರದ ಬೋಟಿನವರು ಗಡಿಯಾಚೆ ದೂರ ಹೋಗಿ ಮೀನು ಹಿಡಿಯಬಲ್ಲರು. ಸಣ್ಣ ದೋಣಿಯವನಿಗೆ ದಡದ ಹತ್ತಿರದ ಆ ಕೆಲವು ಕಿಲೋಮೀಟರುಗಳೇ ಹೊಲ. ಗೆರೆ ಬೀಳುವುದು ಸರಿಯಾಗಿ ಅವನ ಹೊಲದ ಮೇಲೆ.

ಇದನ್ನು ಕಾನೂನು ಮರೆತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 26ಎ ಕಲಂ ಪ್ರಕಾರ ಕಡಲಿನ ಭಾಗವನ್ನು ಧಾಮವೆಂದು ಘೋಷಿಸುವಾಗ ಸ್ಥಳೀಯ ಮೀನುಗಾರರ ಕಸುಬಿನ ಹಿತವನ್ನು ಕಾಯುವ ಸಾಕಷ್ಟು ಕ್ರಮ ಕೈಗೊಂಡ ನಂತರವೇ ಗಡಿ ನಿರ್ಧರಿಸಬೇಕು. ಇದು ಅಧಿಕಾರಿಗಳ ಔದಾರ್ಯವಲ್ಲ, ಕಾಯ್ದೆಯಲ್ಲಿ ಅಚ್ಚಾಗಿರುವ ಷರತ್ತು. ಇದೇ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಂತೆ ಧಾಮಗಳಿಗೆ ಸಲಹಾ ಸಮಿತಿ ಇರಬೇಕು, ಅದರಲ್ಲಿ ಪಂಚಾಯತ್ ಸಂಸ್ಥೆಗಳ ಮೂವರು ಪ್ರತಿನಿಧಿಗಳಿರಬೇಕು. ಆದರೆ ಇಂಥ ಷರತ್ತು ಇದೆ ಎಂಬುದು ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸಿಗೆ ತಿಳಿದಿದೆಯೇ? ತಿಳಿಯದ ಹಕ್ಕು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟ ಬಂಗಾರದಂತೆ.

ಇನ್ನೊಂದು ಮಾತು. ಇದೇ ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಯೋಜನೆಯ ವಿರುದ್ಧ ಮೀನುಗಾರ ಕುಟುಂಬಗಳು ವರ್ಷಗಟ್ಟಲೆ ಹೋರಾಡಿವೆ. ಹೆಂಗಸರೂ ಬೀದಿಗಿಳಿದಿದ್ದಾರೆ. ಒಂದು ಕಡೆ ರಕ್ಷಣೆಯ ಗೆರೆ, ಇನ್ನೊಂದು ಕಡೆ ಬಂದರಿನ ಗೆರೆ. ಎರಡರ ನಡುವೆ ನಿಂತವರಿಗೆ, ಸಣ್ಣವರ ದೋಣಿಗೆ ಮಾತ್ರ ನಿಯಮವೇ ಎಂಬ ಸಂಶಯ ಬಂದರೆ ಅವರನ್ನು ದೂರುವಂತಿಲ್ಲ. ಈ ಸಂಶಯವನ್ನು ಕಳೆಯುವ ದಾರಿ ಒಂದೇ. ಅವರನ್ನು ಕರೆದು ಕೂರಿಸಿ ಕೇಳಬೇಕು.

ಬೆಳಚು ಆಯುವ ಕೈಗಳು

ಹೊನ್ನಾವರದಿಂದ ಉತ್ತರಕ್ಕೆ ಕುಮಟಾ ತಾಲೂಕಿನಲ್ಲಿ ಅಘನಾಶಿನಿ ನದಿ ಕಡಲು ಸೇರುತ್ತದೆ. ಶಿರಸಿಯ ಕಡೆ ಹುಟ್ಟಿ, ನಡುವೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲದೆ ಹರಿದು ಬರುವ ನದಿಯಿದು. ಇದರ ಅಳಿವೆಯನ್ನು ಅಂತಾರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿಸಿರುವುದಾಗಿ 2024ರ ಜನವರಿ ಕೊನೆಯಲ್ಲಿ ಪ್ರಕಟಿಸಲಾಯಿತು. ರಾಮ್ಸಾರ್ ಒಪ್ಪಂದದಲ್ಲಿ ಒಂದು ವಿಶೇಷವಿದೆ. ಅದು ನೀರಿಗೆ ಬೇಲಿ ಹಾಕಿ ಜನರನ್ನು ಹೊರದಬ್ಬಿ ಎನ್ನುವುದಿಲ್ಲ, ವಿವೇಕದಿಂದ ಬಳಸಿ ಎನ್ನುತ್ತದೆ.

ನೀರು ಇಳಿದ ಹೊತ್ತಿನಲ್ಲಿ ಈ ಅಳಿವೆಗೆ ಹೋದರೆ ಮೊಣಕಾಲಿನವರೆಗೆ ಕೆಸರಿನಲ್ಲಿ ಇಳಿದು ಬೆಳಚು, ಅಂದರೆ ಚಿಪ್ಪಿನ ಮೀನು ಆಯುವ ಹೆಂಗಸರು ಗಂಡಸರು ಕಾಣಸಿಗುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು 2008ರ ಸುಮಾರಿಗೆ ಲೆಕ್ಕ ಹಾಕಿದಾಗ ಇಲ್ಲಿ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಮೀನು ಸಿಗುತ್ತಿತ್ತು. 2,300ಕ್ಕೂ ಹೆಚ್ಚು ಜನರಿಗೆ ಅದರಿಂದ ಕೆಲಸವಿತ್ತು. ಬಂಡವಾಳ ಬೇಡ, ದೋಣಿ ಕಡ್ಡಾಯವಲ್ಲ, ಬೇಕಾದುದು ಎರಡು ಕೈ ಮತ್ತು ಒಂದು ಬುಟ್ಟಿ. ಬಡ ವಿಧವೆಯ ಮನೆಯ ಒಲೆ ಉರಿಯಲು ಇಂಥ ಕಸುಬು ಎಷ್ಟು ದೊಡ್ಡ ಆಸರೆ ಎಂಬುದನ್ನು ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ನಿಪ್ಪಾಣಿಯ ತಾಯಂದಿರಿಗೆ ವಿವರಿಸಬೇಕಾಗಿಲ್ಲ.

ಈ ಅಳಿವೆಯ ಬದಿಯ ತದಡಿಯಲ್ಲಿ ಹಿಂದೆ 4,000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ ಕಟ್ಟುವ ಯೋಜನೆಯಿತ್ತು. ಮೀನುಗಾರರು, ರೈತರು ಒಟ್ಟಾಗಿ ವಿರೋಧಿಸಿದರು. ಅಳಿವೆಯಿಂದ ಎಷ್ಟು ಕುಟುಂಬಗಳಿಗೆ ಅನ್ನ ಸಿಗುತ್ತಿದೆ ಎಂಬ ಲೆಕ್ಕ ಆಗ ಅವರ ಪರವಾಗಿ ಮಾತಾಡಿತು. ಯೋಜನೆ ಕೈಬಿಡಲಾಯಿತು. ಇಂದು ಅಂತಾರಾಷ್ಟ್ರೀಯ ಪಟ್ಟಿಯಲ್ಲಿರುವ ಆ ಅಳಿವೆ ಉಳಿದುದು ಮೊದಲು ಊರಿನವರ ಹಟದಿಂದ. ಸರಕಾರಿ ಮೊಹರು ಬಂದದ್ದು ಆಮೇಲೆ.

ಕಾವಲುಗಾರ ಎಲ್ಲಿ ನಿಲ್ಲಬೇಕು?

ಜನರನ್ನು ಸೇರಿಸಿಕೊಳ್ಳಬೇಕು ಎಂಬುದು ಕೇವಲ ಕರುಣೆಯ ಮಾತಲ್ಲ. ಕಾಡಿಗೆ ಬೇಲಿ ಹಾಕಬಹುದು, ಗೇಟು ಇಟ್ಟು ಕಾವಲುಗಾರನನ್ನು ನಿಲ್ಲಿಸಬಹುದು. ಕಡಲಿಗೆ ಗೇಟು ಎಲ್ಲಿ? ರಾತ್ರಿಯ ಕತ್ತಲಲ್ಲಿ 6 ಕಿಲೋಮೀಟರ್ ಒಳಗೆ ಯಾರು ಯಾವ ಬಲೆ ಹಾಕಿದರು ಎಂಬುದು ಇಲಾಖೆಯ ಒಂದೆರಡು ದೋಣಿಗಳಿಗೆ ತಿಳಿಯದು. ಅದು ತಿಳಿಯುವುದು ಪಕ್ಕದಲ್ಲೇ ದೋಣಿ ನಡೆಸುವ ಬೆಸ್ತನಿಗೆ. ನಿಯಮ ತನ್ನದೆನಿಸಿದರೆ ಅವನೇ ಕಾವಲುಗಾರ. ಹೇರಿದ್ದೆನಿಸಿದರೆ ಅವನು ನೋಡಿಯೂ ನೋಡದಂತಿರುತ್ತಾನೆ.

ಕರ್ನಾಟಕದಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನು ಸಂತಾನ ಬೆಳೆಸುವ ಕಾಲವದು. ಆದರೆ ನಾಡದೋಣಿಯವರಿಗೆ ಈ ಕಾಲದಲ್ಲಿಯೂ ದಡದ ಬಳಿ ಮೀನು ಹಿಡಿಯಲು ಅವಕಾಶವಿದೆ. ದೊಡ್ಡ ಬೋಟಿಗೂ ಸಣ್ಣ ದೋಣಿಗೂ ಒಂದೇ ಅಳತೆ ಹಾಕದ ಕಾರಣ ಈ ನಿಯಮ ಊರವರಿಗೆ ಅರ್ಥವಾಗುತ್ತದೆ. ಯಾವ ಮೀನು ಯಾವ ತಿಂಗಳಲ್ಲಿ ಮೊಟ್ಟೆಯಿಡುತ್ತದೆ, ಯಾವ ಬಲೆಯ ಕಣ್ಣು ಎಷ್ಟು ದೊಡ್ಡದಿದ್ದರೆ ಮರಿ ತಪ್ಪಿಸಿಕೊಳ್ಳುತ್ತದೆ ಎಂಬುದು ತಲೆಮಾರುಗಳಿಂದ ಬಂದ ವಿದ್ಯೆ. ಅದನ್ನು ಬಲ್ಲವರನ್ನು ಹೊರಗಿಟ್ಟು ನಿಯಮ ಬರೆದರೆ ಪುಸ್ತಕ ತುಂಬುತ್ತದೆ, ಕಡಲು ತುಂಬುವುದಿಲ್ಲ.

ಹ. ಉಮರ್(ರ) ಕೊಟ್ಟ ಸೂಚನೆ

ಸಂರಕ್ಷಿತ ಪ್ರದೇಶ ಎಂಬುದು ಪಶ್ಚಿಮ ದೇಶಗಳಿಂದ ಬಂದ ಹೊಸ ವಿಚಾರವೆಂದು ಹಲವರು ಭಾವಿಸಿದ್ದಾರೆ. ನಮ್ಮ ಇತಿಹಾಸದಲ್ಲಿ ಅದಕ್ಕೆ 'ಹಿಮಾ' ಎಂಬ ಹೆಸರಿದೆ. ಇಸ್ಲಾಮಿಗೆ ಮುನ್ನ ಅರಬರ ಬಲಾಢ್ಯ ಮುಖ್ಯಸ್ಥರು ಒಳ್ಳೆಯ ಹುಲ್ಲುಗಾವಲನ್ನು ತಮ್ಮ ಜಾನುವಾರುಗಳಿಗಷ್ಟೇ ಕಾದಿರಿಸಿಕೊಂಡು ಬಡವರನ್ನು ಹೊರಗಿಡುತ್ತಿದ್ದರು. ಪ್ರವಾದಿ ಮುಹಮ್ಮದ್(ಸ) ಈ ಖಾಸಗಿ ಪದ್ಧತಿಯನ್ನು ತೊಡೆದುಹಾಕಿದರು. ಸಾರ್ವಜನಿಕ ಹಿತಕ್ಕಾಗಿ ಮಾತ್ರ ಹಿಮಾ ಇರಬಹುದೆಂದು ನಿಗದಿಪಡಿಸಿದರು. ಮದೀನಾದ ಸಮೀಪದ ನಕೀಅ್ ಎಂಬ ಪ್ರದೇಶವನ್ನು ಹೀಗೆ ಕಾದಿರಿಸಲಾಗಿತ್ತು.

ದ್ವಿತೀಯ ಖಲೀಫಾ ಹ. ಉಮರ್(ರ)ರ ಕಾಲದ ಒಂದು ಪ್ರಸಂಗ ಸಹೀಹ್ ಬುಖಾರಿಯಲ್ಲಿದೆ. ಅವರು ಹುನೈ ಎಂಬವರನ್ನು ಹಿಮಾದ ಮೇಲ್ವಿಚಾರಕರಾಗಿ ನೇಮಿಸಿದರು. ಆಗ ಕೊಟ್ಟ ಸೂಚನೆಯ ಸಾರಾಂಶವನ್ನು ಗಮನಿಸಿ. ಜನರೊಂದಿಗೆ ಮೃದುವಾಗಿ ನಡೆದುಕೊಳ್ಳಬೇಕು, ಮರ್ದಿತನ ಪ್ರಾರ್ಥನೆಗೆ ಅಂಜಬೇಕು. ಕೆಲವೇ ಒಂಟೆ, ಕೆಲವೇ ಕುರಿಗಳಿರುವವರನ್ನು ಹಿಮಾದೊಳಗೆ ಬಿಡಬೇಕು. ಹ. ಉಸ್ಮಾನ್(ರ) ಮತ್ತು ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಂಥ ಸಿರಿವಂತರ ಹಿಂಡುಗಳನ್ನು ಬಿಡಬಾರದು. ಏಕೆಂದರೆ ಅವರ ಜಾನುವಾರು ಸತ್ತರೆ ಅವರಿಗೆ ಖರ್ಜೂರದ ತೋಟವೂ ಹೊಲವೂ ಇವೆ. ಬಡವನ ನಾಲ್ಕು ಕುರಿ ಸತ್ತರೆ ಅವನು ಮಕ್ಕಳನ್ನು ಕಟ್ಟಿಕೊಂಡು ಖಲೀಫರ ಬಾಗಿಲಿಗೆ ಬರಬೇಕಾಗುತ್ತದೆ. ಆಗ ಅವನಿಗೆ ಬಂಗಾರ ಬೆಳ್ಳಿ ಕೊಡುವುದಕ್ಕಿಂತ ಈಗ ನೀರು ಹುಲ್ಲು ಕೊಡುವುದು ಸುಲಭ.

ಗಮನಿಸಿದಿರಾ? ಆ ಇಬ್ಬರೂ ಖಲೀಫರಿಗೆ ಅತ್ಯಂತ ಆಪ್ತರಾದ ಶ್ರೇಷ್ಠ ಸಹಾಬಿಗಳು. ಆದರೂ ಕಾದಿರಿಸಿದ ನೆಲದ ಲಾಭ ಮೊದಲು ಸಲ್ಲಬೇಕಾದುದು ಯಾರಿಗೆ ಎಂಬುದರಲ್ಲಿ ಹ. ಉಮರ್(ರ)ರಿಗೆ ಗೊಂದಲವಿರಲಿಲ್ಲ. ಅದು ಆ ಜನರದೇ ನಾಡು, ನಿರ್ಬಂಧದಿಂದ ತಮಗೆ ಅನ್ಯಾಯವಾಯಿತೆಂದು ಅವರಿಗೆ ಅನ್ನಿಸಬಹುದು ಎಂಬ ಅಳುಕೂ ಅವರಲ್ಲಿತ್ತು. ಇಂದಿನ ಕಡಲ ಧಾಮಗಳ ಅಧಿಕಾರಿಗಳು ತಮ್ಮ ಮೇಜಿನ ಮೇಲೆ ಇಟ್ಟುಕೊಳ್ಳಬೇಕಾದ ಸೂಚನೆಯಿದು. ಸಣ್ಣ ದೋಣಿಯವನನ್ನು ಮೊದಲು ನೆನೆಯಿರಿ, ದೊಡ್ಡ ಹಡಗಿನವನನ್ನು ಆಮೇಲೆ.

ಕುರ್‌ಆನ್ ಸತ್ಯವಿಶ್ವಾಸಿಗಳ ಗುಣಗಳಲ್ಲಿ ಪರಸ್ಪರ ಸಮಾಲೋಚನೆಯನ್ನೂ ಎಣಿಸಿದೆ. ಆ ಅಧ್ಯಾಯದ ಹೆಸರೇ ಅಶ್ಶೂರಾ. ಹಲವರ ಬದುಕಿಗೆ ತಟ್ಟುವ ವಿಷಯವನ್ನು ಅವರೊಂದಿಗೆ ಆಲೋಚಿಸಿ ತೀರ್ಮಾನಿಸುವುದು ನಮಗೆ ಆಡಳಿತದ ಹೊಸ ಫ್ಯಾಷನ್ ಅಲ್ಲ, ದೀನ್‌ನ ಭಾಗ.

ನಮಾಝಿನ ಚಾಪೆಯಂಥ ದ್ವೀಪ

ಈ ವಿಚಾರವನ್ನು ಕಡಲಿನಲ್ಲಿ ಪ್ರಯೋಗಿಸಿದ ಒಂದು ಊರಿನ ಕಥೆ ಕೇಳಿ. ಆಫ್ರಿಕಾದ ಪೂರ್ವ ತೀರದಲ್ಲಿ ತಾಂಝಾನಿಯಾಕ್ಕೆ ಸೇರಿದ ಝಾಂಝಿಬಾರ್ ದ್ವೀಪಗಳಿವೆ. ಜನಸಂಖ್ಯೆಯಲ್ಲಿ ಬಹುಪಾಲು ಮುಸ್ಲಿಮರು. ಅಲ್ಲಿನ ಪೆಂಬಾ ದ್ವೀಪದ ಪಶ್ಚಿಮಕ್ಕೆ ಮಿಸಾಲಿ ಎಂಬ ಪುಟ್ಟ ದ್ವೀಪವಿದೆ. ಹಿಂದೊಮ್ಮೆ ಹ. ಖಿಝ್ರ್ ಅಲ್ಲಿಗೆ ಬಂದು ನಮಾಝ್ ಮಾಡಲು ಚಾಪೆ ಕೇಳಿದರು, ಚಾಪೆ ಸಿಗದಿದ್ದಾಗ ಕಿಬ್ಲಾದ ಕಡೆ ಚಾಚಿಕೊಂಡಿರುವ ಈ ದ್ವೀಪವೇ ತನ್ನ ಮುಸಲ್ಲಾ ಎಂದರು ಎಂಬ ಕಥೆ ಅಲ್ಲಿನ ಜನರಲ್ಲಿದೆ. ಮಿಸಾಲಿ ಎಂಬ ಹೆಸರು ಹಾಗೆ ಬಂತೆನ್ನುತ್ತಾರೆ.

ಈ ದ್ವೀಪದ ಸುತ್ತ ಸುಂದರ ಹವಳದ ದಿಬ್ಬಗಳಿವೆ. ಅವುಗಳಲ್ಲಿ ಮೀನು ಧಾರಾಳ. ಆದರೆ ಕೆಲವರು ಡೈನಮೈಟ್ ಸಿಡಿಸಿ ಮೀನು ಹಿಡಿಯತೊಡಗಿದ್ದರು. ಒಂದು ಸಿಡಿತಕ್ಕೆ ಬುಟ್ಟಿ ತುಂಬುತ್ತದೆ, ನೂರಾರು ವರ್ಷಗಳಲ್ಲಿ ಬೆಳೆದ ಹವಳ ಪುಡಿಯಾಗುತ್ತದೆ. 1998ರಲ್ಲಿ ಸರಕಾರ ಮಿಸಾಲಿಯನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಮೀನುಗಾರರನ್ನು ಓಡಿಸಲಿಲ್ಲ. ಸಣ್ಣದೊಂದು ಭಾಗದಲ್ಲಿ ಮಾತ್ರ ಮೀನು ಹಿಡಿಯುವಂತಿಲ್ಲ, ಉಳಿದೆಡೆ ಹಿಡಿಯಬಹುದು ಎಂದಾಯಿತು. ಆಡಳಿತದಲ್ಲಿ ಪಾಲುಗೊಳ್ಳಲು ಮೀನುಗಾರರದೇ ಸಂಘ ಹುಟ್ಟಿತು.

ಆದರೂ ಸರಕಾರದ ನಿಷೇಧಕ್ಕೆ ಕಿವಿಗೊಡದವರು ಇದ್ದರು. ಆಗ ಬ್ರಿಟನ್ನಿನ ಒಂದು ಇಸ್ಲಾಮಿಕ್ ಪರಿಸರ ಸಂಸ್ಥೆಯ ನೆರವಿನಿಂದ ಇಮಾಮರು, ಮದ್ರಸದ ಅಧ್ಯಾಪಕರು, ಮೀನುಗಾರರು ಒಟ್ಟಿಗೆ ಕುಳಿತರು. ಭೂಮಿ ಮತ್ತು ಕಡಲು ನಮಗೆ ಅಲ್ಲಾಹನು ವಹಿಸಿಕೊಟ್ಟ ಅಮಾನತ್ತು, ಅದನ್ನು ಹಾಳುಗೆಡವಲು ನಮಗೆ ಹಕ್ಕಿಲ್ಲ ಎಂಬ ವಿಷಯ ಜುಮಾ ಖುತ್ಬಾಗಳಲ್ಲಿ ಬಂತು. ನಿಷೇಧದ ಫಲಕಕ್ಕೆ ಬಗ್ಗದ ಕೆಲವರು ಈ ಮಾತಿಗೆ ಬಗ್ಗಿದರು. ಮಸೀದಿಯ ಮಾತೊಂದೇ ಕೆಲಸ ಮಾಡಿತೆಂದು ನಾನು ಹೇಳುತ್ತಿಲ್ಲ. ಆಡಳಿತದಲ್ಲಿ ಪಾಲು ಸಿಕ್ಕಿತ್ತು, ದುಡಿಮೆಗೆ ಜಾಗ ಉಳಿದಿತ್ತು, ಅದರ ಮೇಲೆ ದೀನ್‌ನ ಮಾತು ಬಂತು. ಹೊಟ್ಟೆಯ ಮೇಲೆ ಹೊಡೆದು ಉಪದೇಶ ಮಾಡಿದ್ದರೆ ಯಾರೂ ಕೇಳುತ್ತಿರಲಿಲ್ಲ.

ನಮ್ಮ ಕೃಷ್ಣೆಯ ದಡದಲ್ಲಿ

ಇನ್ನು ನಮ್ಮ ಐದು ತಾಲೂಕುಗಳಿಗೆ ಬರೋಣ. ವೇದಗಂಗಾ ದೂಧಗಂಗೆಯನ್ನು, ದೂಧಗಂಗಾ ಕೃಷ್ಣೆಯನ್ನು ಸೇರಿ ನಮ್ಮ ಊರುಗಳನ್ನು ದಾಟಿ ಹೋಗುತ್ತವೆ. ಆ ಕೃಷ್ಣೆ ಕೊನೆಗೆ ಆಂಧ್ರದಲ್ಲಿ ಬಂಗಾಳ ಕೊಲ್ಲಿಗೆ ಬೀಳುವ ಜಾಗದಲ್ಲಿ ಕೃಷ್ಣಾ ವನ್ಯಜೀವಿ ಧಾಮವಿದೆ, ಕಾಂಡ್ಲಾ ಕಾಡಿದೆ. ಅಂದರೆ ನಾವು ಇಲ್ಲಿ ನದಿಗೆ ಸುರಿದದ್ದು ಒಂದು ದಿನ ಅಲ್ಲಿನ ಕಡಲ ಮೀನಿನ ತೊಟ್ಟಿಲಿಗೆ ತಲುಪುತ್ತದೆ. ಕಡಲಿಗೂ ನಮಗೂ ಸಂಬಂಧವಿಲ್ಲವೆಂದು ಹೇಳುವಂತಿಲ್ಲ.

ಸಂರಕ್ಷಿತ ನೀರಿನ ತಾಣವೊಂದು ನಮ್ಮ ನೆರೆಯಲ್ಲೇ ಇದೆ. ಗೋಕಾಕ ತಾಲೂಕಿನ ಧೂಪದಾಳದಲ್ಲಿ 1897ರಲ್ಲಿ ಕಟ್ಟಿದ ಒಡ್ಡಿನ ಹಿನ್ನೀರು 1974ರಲ್ಲಿ ಘಟಪ್ರಭಾ ಪಕ್ಷಿಧಾಮವಾಯಿತು. ಅದರ ವಿಸ್ತಾರ ಸುಮಾರು 30 ಚದರ ಕಿಲೋಮೀಟರ್. ಚಳಿಗಾಲದಲ್ಲಿ ಸಾವಿರಾರು ಮೈಲಿ ದೂರದಿಂದ ಕೊಕ್ಕರೆಗಳು, ಕ್ರೌಂಚಗಳು ಬರುತ್ತವೆ. ಕೃಷ್ಣೆಯಲ್ಲಿ ಮೊಸಳೆಗಳಿವೆ, ನೆರೆ ಬಂದಾಗ ಅವು ಹೊಲಕ್ಕೂ ಬಂದು ಹೆದರಿಸುತ್ತವೆ. ನದಿಯಲ್ಲಿ ಮೀನು ಹಿಡಿದು ಬದುಕುವ ಕುಟುಂಬಗಳೂ ಇವೆ. ನೀರು ಕೆಟ್ಟು ಮೀನು ಸತ್ತು ತೇಲಿದಾಗ ಮೊದಲ ನಷ್ಟ ಅವರದು. ಎರಡನೆಯ ನಷ್ಟ ಆ ನೀರನ್ನೇ ಕುಡಿಯುವ, ಅದರಲ್ಲೇ ಬಟ್ಟೆ ಒಗೆಯುವ ನಮ್ಮದು. ಮಗುವಿಗೆ ಹೊಟ್ಟೆ ಕೆಟ್ಟರೆ ರಾತ್ರಿಯೆಲ್ಲ ನಿದ್ದೆಗೆಡುವವಳು ತಾಯಿ. ಹಾಗಿದ್ದರೆ ನದಿಯ ಬಗ್ಗೆ ಸಭೆ ಕೂಡಿದಾಗ ಅವಳು ಎಲ್ಲಿರಬೇಕು?

ನಿಮ್ಮ ಹೆಸರಿಗೊಂದು ಕುರ್ಚಿ ಇದೆ

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿಯೊಂದು ಗ್ರಾಮ ಪಂಚಾಯತ್, ಪುರಸಭೆ, ನಗರಸಭೆಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಕನಿಷ್ಠ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಊರಿನ ಕೆರೆ, ನದಿ, ಮೀನು, ಗಿಡಮೂಲಿಕೆ, ಜಾನುವಾರುಗಳ ತಳಿ, ಹಳೆಯ ಬೀಜ ಇವೆಲ್ಲವನ್ನು ಊರವರನ್ನೇ ಕೇಳಿ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ತಯಾರಿಸುವುದು ಈ ಸಮಿತಿಯ ಕೆಲಸ. ಸಮಿತಿಗಳನ್ನು ರಚಿಸಲು ರಾಜ್ಯಗಳು ವರ್ಷಗಟ್ಟಲೆ ತಡಮಾಡಿದಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿಯೊಳಗೆ ಮುಗಿಸಬೇಕು, ಇಲ್ಲವಾದರೆ ದಂಡ ಕಟ್ಟಬೇಕು ಎಂದು ಗಡುವು ಹಾಕಿತು. ಗಡುವಿಗೆ ಹೆದರಿ ಅವಸರದಲ್ಲಿ ಮಾಡಿದ ಕೆಲಸ ಕಾಗದದಲ್ಲೇ ಉಳಿಯುವ ಅಪಾಯ ಇದ್ದೇ ಇದೆ. ನಿಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ? ಅದರಲ್ಲಿರುವ ಹೆಣ್ಣುಮಗಳಿಗೆ ತಾನು ಸದಸ್ಯೆ ಎಂಬುದಾದರೂ ಗೊತ್ತಿದೆಯೇ?

ಇನ್ನೊಂದು ದಾರಿಯೂ ಇದೆ. ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯಲ್ಲಿ ಸಮುದಾಯ ಮೀಸಲು ಎಂಬ ಹೊಸ ಬಗೆಯ ಸಂರಕ್ಷಿತ ಪ್ರದೇಶಕ್ಕೆ ಅವಕಾಶ ಮಾಡಲಾಯಿತು. ಊರವರು ತಾವಾಗಿ ಮುಂದೆ ಬಂದರೆ ಮಾತ್ರ ಅದನ್ನು ಘೋಷಿಸಬಹುದು. ಅದರ ನಿರ್ವಹಣಾ ಸಮಿತಿಯಲ್ಲಿ ಪಂಚಾಯತ್ ಆರಿಸಿದ ಕನಿಷ್ಠ 5 ಮಂದಿ ಇರುತ್ತಾರೆ. ಕೇರಳದ ಕಡಲುಂಡಿ-ವಳ್ಳಿಕ್ಕುನ್ನು ಎಂಬಲ್ಲಿ ನದಿ ಅರಬ್ಬಿ ಸಮುದ್ರ ಸೇರುವ ಅಳಿವೆ 2007ರಲ್ಲಿ ಹೀಗೆ ಸಮುದಾಯ ಮೀಸಲಾಯಿತು. ಕೋಝಿಕ್ಕೋಡ್ ಮತ್ತು ಮಲಪ್ಪುರಂ ಜಿಲ್ಲೆಗಳ ಗಡಿಯಲ್ಲಿರುವ ಆ ಸುತ್ತಿನಲ್ಲಿ ಮುಸ್ಲಿಂ ಕುಟುಂಬಗಳು ಬಹಳ. ಸುಮಾರು 150 ಹೆಕ್ಟೇರಿನ ಆ ಅಳಿವೆಯ ಕಾಂಡ್ಲಾ ಗಿಡ, ವಲಸೆ ಹಕ್ಕಿಗಳ ಜವಾಬ್ದಾರಿಯಲ್ಲಿ ಎರಡು ಪಂಚಾಯತ್‌ಗಳ ಜನರಿಗೂ ಪಾಲಿದೆ.

ಅದೇ 2007ರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ಕೂಡ ಸಮುದಾಯ ಮೀಸಲಾಯಿತು. ಅಲ್ಲಿ ಮನೆಯಂಗಳದ ಹುಣಿಸೆ ಮರಗಳಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಹಕ್ಕಿ ಕುಳಿತ ಮರದ ಹುಣಿಸೆ ಕೀಳುವಂತಿಲ್ಲ. ಅದರ ನಷ್ಟಕ್ಕೆ ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬೆಳೆದು ಬಂದಿದೆ. ಪರಿಹಾರ ಸಾಲದು ಎಂಬ ದೂರು ಇರಬಹುದು. ಆದರೆ ರಕ್ಷಣೆಯ ಖರ್ಚನ್ನು ಬಡವನ ತಲೆಗೆ ಮಾತ್ರ ಕಟ್ಟಬಾರದು ಎಂಬ ನ್ಯಾಯವನ್ನು ಆ ಊರು ಒಪ್ಪಿಸಿದೆ.

ಏನು ಮಾಡಬಹುದು?

ಗ್ರಾಮಸಭೆ ಗಂಡಸರ ಕೆಲಸ, ನಮಗೇಕೆ ಆ ಉಸಾಬರಿ ಎನ್ನಬೇಡಿ. ತಂಬಾಕಿನ ಗೋದಾಮುಗಳಲ್ಲಿ ದುಡಿಯುತ್ತಿದ್ದ ನಿಪ್ಪಾಣಿಯ ಹೆಂಗಸರು ಸಂಘ ಕಟ್ಟಿ ಕೂಲಿಗಾಗಿ ಹೋರಾಡಿದ್ದನ್ನು ನಾಡೇ ನೋಡಿದೆ. ಕರ್ನಾಟಕದ ಪಂಚಾಯತ್‌ಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಮಹಿಳಾ ಗ್ರಾಮಸಭೆ ಎಂಬ ಪ್ರತ್ಯೇಕ ಸಭೆಯೂ ಉಂಟು. ಅಲ್ಲಿ ಪರದೆಗೆ, ಮರ್ಯಾದೆಗೆ ಕುಂದಿಲ್ಲದೆ ಮಾತಾಡಬಹುದು.

ಮೊದಲು, ಪಂಚಾಯತ್ ಅಥವಾ ಪುರಸಭೆ ಕಚೇರಿಯಲ್ಲಿ ಜೀವವೈವಿಧ್ಯ ಸಮಿತಿಯ ಸದಸ್ಯರ ಪಟ್ಟಿ ಕೇಳಿ. ಬಾಯಿಮಾತಿಗೆ ಕೊಡದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಪಿಯುಸಿ ಓದುವ ನಿಮ್ಮ ಮಗಳು ಆ ಅರ್ಜಿ ಬರೆಯಬಲ್ಲಳು.

ಎರಡನೆಯದಾಗಿ, ಊರಿನ ದಾಖಲಾತಿ ಪುಸ್ತಕ ತಯಾರಾಗಿದೆಯೇ, ಅದರಲ್ಲಿ ನದಿಯ ಮೀನುಗಳ ಹೆಸರಿದೆಯೇ ಎಂದು ನೋಡಿ. ಮೊದಲು ಸಿಗುತ್ತಿದ್ದು ಈಗ ಕಾಣದ ಮೀನುಗಳ ಹೆಸರು ಮನೆಯ ಅಜ್ಜಿಯರಿಗೆ ಗೊತ್ತಿರುತ್ತದೆ. ಅವರ ಬಾಯಿಂದ ಕೇಳಿ ಬರೆಸಿ. ಅಘನಾಶಿನಿಯವರನ್ನು ಕಾಪಾಡಿದ್ದು ಇಂಥ ಲೆಕ್ಕವೇ ಎಂಬುದನ್ನು ಮರೆಯಬೇಡಿ.

ಮೂರನೆಯದಾಗಿ, ನದಿಯ ನೀರಿನ ಬಣ್ಣ ಕೆಟ್ಟ ದಿನ, ಮೀನು ಸತ್ತು ತೇಲಿದ ದಿನ ತಾರೀಕು ಹಾಕಿ ಬರೆದಿಡಿ, ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಅದನ್ನು ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಿಸಲು ಹೇಳಿ. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ, ನಡಾವಳಿಗೆ ಬಂದ ದೂರಿಗೆ ಅಧಿಕಾರಿ ಉತ್ತರಿಸಬೇಕಾಗುತ್ತದೆ.

ನಾಲ್ಕನೆಯದಾಗಿ, ಯಾವುದೇ ನಿರ್ಬಂಧದ ಮಾತು ಬಂದಾಗ ಹ. ಉಮರ್(ರ)ರ ಪ್ರಶ್ನೆಯನ್ನು ಕೇಳಿ. ಇದರಿಂದ ಸಣ್ಣವನಿಗೆ ಏನಾಗುತ್ತದೆ? ದೊಡ್ಡವನಿಗೂ ಇದೇ ನಿಯಮವೇ? ಬಲೆ ಹಾಕುವವನಿಗೆ ದಂಡ ಹಾಕಿ, ನದಿಗೆ ಕೊಳೆ ಬಿಡುವವನಿಗೆ ಸಲಾಮು ಹೊಡೆಯುವ ರಕ್ಷಣೆ ರಕ್ಷಣೆಯಲ್ಲ.

ಕೊನೆಯದಾಗಿ, ನಮ್ಮ ಮನೆಯ ಕಸ, ಪ್ಲಾಸ್ಟಿಕ್, ಹಬ್ಬದ ದಿನದ ತ್ಯಾಜ್ಯ ನದಿಗೆ ಹೋಗದಂತೆ ನೋಡಿಕೊಳ್ಳೋಣ. ಹರಿಯುವ ನದಿಯ ದಡದಲ್ಲಿ ಕುಳಿತು ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ಕಲಿತ ಸಮುದಾಯ ನಾವು. ಕಾರ್ಖಾನೆಯ ಕಡೆ ಬೆರಳು ತೋರಿಸುವ ಮುನ್ನ ಆ ಬೆರಳು ಶುದ್ಧವಿರಬೇಕು.

ಸಹೋದರಿಯರೇ, ಹೊನ್ನಾವರದ ಮೀನುಗಾರ್ತಿಯೂ ಕುಡಚಿಯ ಗೃಹಿಣಿಯೂ ಒಬ್ಬರನ್ನೊಬ್ಬರು ನೋಡಿಲ್ಲ. ಆದರೆ ಇಬ್ಬರ ಬೇಡಿಕೆಯೂ ಒಂದೇ. ನೀರನ್ನು ಕಾಯಿರಿ, ಕಾಯುವಾಗ ನಮ್ಮನ್ನೂ ಕರೆಯಿರಿ. ಕಾನೂನು ಅವರಿಗೊಂದು ಷರತ್ತು, ನಿಮಗೊಂದು ಕುರ್ಚಿ ಕೊಟ್ಟಿದೆ. ಖಾಲಿ ಬಿದ್ದ ಕುರ್ಚಿಯಲ್ಲಿ ಬೇರೆ ಯಾರೋ ಕುಳಿತುಕೊಳ್ಳುತ್ತಾರೆ, ಅವರೇ ಗೆರೆ ಎಳೆಯುತ್ತಾರೆ. ಮುಂದಿನ ಗ್ರಾಮಸಭೆ ಯಾವಾಗ ಎಂದು ನಾಳೆಯೇ ವಿಚಾರಿಸಿ. ಒಬ್ಬರೇ ಹೋಗಲು ಅಳುಕಾದರೆ ನೆರೆಮನೆಯ ಇಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಅಲ್ಲಾಹನು ವಹಿಸಿಕೊಟ್ಟ ಅಮಾನತ್ತನ್ನು ಕಾಪಾಡುವ ಸ್ಥೈರ್ಯವನ್ನು ಅವನೇ ನಮಗೆ ಕರುಣಿಸಲಿ.